ಮೀಟರಿಗೆ ಕಾಣದ್ದು

ನನ್ನ ಗಂಡನಿಗೆ ನನಗಿಂತ ಜೇಬಿನ ಮೀಟರಿನ ಮೇಲೆ ನಂಬಿಕೆ ಹೆಚ್ಚು. ಕಡಲ ನೀರನ್ನು ಸಿಹಿ ಮಾಡಿ ನಮ್ಮೂರ ನಲ್ಲಿಗಳಿಗೆ ಬಿಡುವ ಕಾರ್ಖಾನೆಯಲ್ಲಿ ನೀರು ಸೋಸುವ ಪೊರೆಗಳನ್ನು ನೋಡಿಕೊಳ್ಳುವುದು ಇವರ ಕೆಲಸ. ಮನೆಯಲ್ಲಿ ಯಾರು ನೀರು ಕುಡಿಯಲು ಹೋದರೂ ಲೋಟಕ್ಕೆ ಮೀಟರ್ ಅದ್ದಿ, "ನೋಡು, ಉಪ್ಪಿನ ಸುಳಿವೇ ಇಲ್ಲ" ಎನ್ನುತ್ತಾರೆ. ಓಣಿಯ ಮಕ್ಕಳು ಇವರನ್ನು ಕರೆಯುವುದೇ ಮೀಟರ್ ಮಾಮ ಎಂದು.

ನಮ್ಮ ಅಂಗಳದ ನಿಂಬೆಗಿಡದ ಎಲೆಗಳ ತುದಿ ಸುಡತೊಡಗಿದಾಗಲೂ ಇವರದು ಅದೇ ಮಾತು. ಅಮ್ಮ ಕೊನೆಯ ಸಲ ನಮ್ಮನೆಗೆ ಬಂದಾಗ ನೆಟ್ಟ ಗಿಡ ಅದು. ಅಮ್ಮನದು ಎಂದು ನನಗೆ ಉಳಿದಿರುವುದು ಅದೊಂದೇ.

"ನೀರಿಂದಲ್ಲ ಕಣೇ. ಗೊಬ್ಬರ ಜಾಸ್ತಿ ಹಾಕಿದ್ದೀಯ. ಚೆನ್ನಾಗಿ ನೀರು ಬಿಡು, ತೊಳ್ಕೊಂಡು ಹೋಗುತ್ತೆ."

ಬಿಟ್ಟೆ. ಎಲೆಗಳು ಇನ್ನಷ್ಟು ಸುಟ್ಟವು. ಇನ್ನಷ್ಟು ಬಿಟ್ಟೆ. ಗಿಡ ಬೋಳಾಗುತ್ತ ಬಂತು. ಒಂದು ದಿನ ಪಿತ್ತ ನೆತ್ತಿಗೇರಿ, ಉದುರಿದ ಎಲೆಗಳನ್ನೆಲ್ಲ ಇವರ ಬುತ್ತಿಯ ಡಬ್ಬಿಗೆ ತುಂಬಿ ಕಳಿಸಿದೆ.

ಸಂಜೆ ಇವರು ಮುಖ ಸಪ್ಪಗೆ ಮಾಡಿಕೊಂಡು ಬಂದರು. ಡಬ್ಬಿ ತೆರೆದಾಗ ಎದುರಿಗೆ ಕೂತಿದ್ದ ಲ್ಯಾಬಿನ ಮೇಡಂ, ಎಲೆ ನೋಡಿದವರೇ "ಇದು ಬೋರಾನ್" ಎಂದರಂತೆ.

"ಹಾಗಂದ್ರೆ?"

"ಕಡಲ ನೀರಲ್ಲಿ ಇರುತ್ತೆ. ಪೊರೆ ಉಪ್ಪನ್ನ ತಡೆಯುತ್ತೆ, ಇದು ಮಾತ್ರ ಕರೀದೆ ಬಂದ ನೆಂಟರ ಥರ ನುಸುಳ್ಕೊಂಡು ಬರುತ್ತೆ. ಮೀಟರಿಗೂ ಕಾಣಲ್ಲ. ಇಷ್ಟರಲ್ಲಿ ನಮಗೇನೂ ಆಗಲ್ಲ. ನಿಂಬೆ ತಡ್ಕೊಳ್ಳಲ್ಲ."

"ಅಂದ್ರೆ ತೊಳೀತೀನಿ ಅಂತ ನಾನು ದಿನಾ ವಿಷ ಹೊಯ್ತಿದ್ದೆನಾ?"

ಇವರು ತಲೆ ತಗ್ಗಿಸಿದರು. ಬೈಯಲು ಬಾಯಿ ತೆರೆದ ನನಗೆ ಅಳು ಬಂತು.

ನೀರಿಗೆ ಕ್ಷಾರ ಬೆರೆಸಿ ಎರಡನೇ ಸಲ ಪೊರೆ ದಾಟಿಸಿದರೆ ಬೋರಾನ್ ಹಿಂದೆಯೇ ಉಳಿಯುತ್ತದಂತೆ. ಮೇಡಂ ಹಟ ಹಿಡಿದು ಒಂದು ವಾರದ ಪ್ರಯೋಗಕ್ಕೆ ಒಪ್ಪಿಗೆ ಪಡೆದರು. ಆ ವಾರ ನಲ್ಲಿಯಲ್ಲಿ ಬಂದದ್ದು ಅದೇ ನೀರು. ಇವರು ಡ್ರಮ್ಮು, ಕೊಡ, ಬಕೆಟ್ಟು, ಸಾಲದ್ದಕ್ಕೆ ನನ್ನ ಕುಕ್ಕರಿಗೂ ತುಂಬಿಸಿಟ್ಟರು. ನನಗೆ ನಗು ತಡೆಯಲಾಗಲಿಲ್ಲ.

ವಾರ ಮುಗಿಯಿತು. ಕುಡಿಯಲು ಮೊದಲಿನ ನೀರೇ ಸಾಕು, ಇಷ್ಟು ಖರ್ಚು ಯಾರಿಗಾಗಿ ಎಂದರಂತೆ ಮೇಲಿನವರು. ಕ್ಷಾರದ ವಾಲ್ವನ್ನು ಇವರೇ ತಮ್ಮ ಕೈಯಾರೆ ಮುಚ್ಚಿ ಬಂದರು. ಆ ರಾತ್ರಿ ಊಟಕ್ಕೆ ಏಳಲಿಲ್ಲ.

ಗಿಡಕ್ಕೆ ಮೊದಲು ಕುಕ್ಕರಿನ ನೀರು ಹಾಕಿದೆ, ಆಮೇಲೆ ಬಕೆಟ್ಟಿನದು, ಕೊಡದ್ದು, ಕೊನೆಗೆ ಡ್ರಮ್ಮಿನದು. ಇವತ್ತು ಬೆಳಿಗ್ಗೆ ನೋಡುತ್ತೇನೆ, ಬೋಳು ಕೊಂಬೆಯಲ್ಲಿ ಉಗುರಿನಷ್ಟು ಕೆಂಪು ಚಿಗುರು.

"ರೀ, ಬನ್ನಿ ಇಲ್ಲಿ! ಬದುಕಿದೆ!"

ಇವರು ಓಡಿ ಬಂದರು. ಚಿಗುರು ನೋಡಿ ಮುಖ ಅರಳಿತು. ಮರುಕ್ಷಣವೇ ಡ್ರಮ್ಮಿನೊಳಗೆ ಇಣುಕಿದರು. ಅಭ್ಯಾಸಬಲದಿಂದ ಮೀಟರನ್ನು ಅದಕ್ಕೊಮ್ಮೆ ಅದ್ದಿ, ನಲ್ಲಿಯ ನೀರಿಗೊಮ್ಮೆ ಅದ್ದಿದರು.

"ಎರಡಕ್ಕೂ ಒಂದೇ ತೋರಿಸ್ತಿದೆ ಕಣೇ" ಎಂದರು.

ನಾನು ಡ್ರಮ್ಮಿಗೆ ಚೊಂಬು ಇಳಿಸಿದೆ. ಅದು ತಳಕ್ಕೆ ಬಡಿಯಿತು.