ಕಣ್ ಡಾಕ್ಟ್ರಿಗೆ ಶಾಲು

ರಕ್ತದ ಕಾಯಿಲೆಗಳ ಡಾಕ್ಟರ್ ಚಕ್ರಪಾಣಿಯವರನ್ನು ಸನ್ಮಾನಕ್ಕೆ ಒಪ್ಪಿಸುವಷ್ಟರಲ್ಲಿ ಮೈತ್ರಿಗೆ ಸಾಕುಸಾಕಾಗಿತ್ತು. ಶಾಲು, ಹಾರ ಅಂದರೆ ಆ ಮನುಷ್ಯ ಹಿಂಬಾಗಿಲು ಹುಡುಕುವ ಜಾತಿ. ಮೈತ್ರಿ ಅವರ ಕೈಕೆಳಗೆ ಪಳಗಿದ ಡಾಕ್ಟರು. ನಿವೃತ್ತಿಯ ದಿನವಾದರೂ ಅವರನ್ನು ಕೂರಿಸಿ, ನಾಲ್ಕು ಜನರ ಮುಂದೆ 'ನಾನು ಕಲಿತದ್ದೆಲ್ಲ ನಿಮ್ಮಿಂದಲೇ ಸಾರ್' ಅನ್ನಬೇಕೆಂದು ಅವಳ ಹಟ. ಕೊನೆಗೂ ಅವರು ಒಪ್ಪಿದ್ದು ಒಂದು ಷರತ್ತಿನ ಮೇಲೆ: "ನಾನಲ್ಲದ್ದನ್ನ ನನ್ನ ತಲೆಗೆ ಕಟ್ಟಿದ್ರೆ ಎದ್ದು ಹೋಗ್ತೀನಿ, ನೋಡು."

ಜಯನಗರದ ಸಭಾಂಗಣಕ್ಕೆ ಬಂದು ಬ್ಯಾನರ್ ನೋಡಿದವಳೇ ಫೋನಿಗೆ ಕೈಹಾಕಿದಳು. ಚಕ್ರಪಾಣಿಯವರ ಫೋಟೋ ಕೆಳಗೆ ಅಂಗೈಯಗಲದ ಅಕ್ಷರಗಳಲ್ಲಿ 'ಹಿರಿಯ ನೇತ್ರತಜ್ಞರಿಗೆ ಅಭಿನಂದನೆ' ಎಂದಿತ್ತು.

ಫೋನ್ ಮಾಡಿದರೆ ಫ್ಲೆಕ್ಸ್ ಅಂಗಡಿಯ ಸೀನು ತಣ್ಣಗೆ ಹೇಳಿದ: "ನೀವು ಬರೀ ಹಿರಿಯ ತಜ್ಞರು ಅಂತ ಕಳ್ಸಿದ್ರಿ ಮೇಡಂ. ಯಾವ ತಜ್ಞರು ಅಂತ ಗೊತ್ತಾಗ್ಬೇಡ್ವಾ? ನಮ್ಮ ತಿಲಕ್ ನಗರದಲ್ಲಿ ಎಲ್ರೂ ಅವ್ರನ್ನ ಕಣ್ ಡಾಕ್ಟ್ರು ಅಂತಾನೇ ಅನ್ನೋದು. ನಾನೇ ಸೇರಿಸ್ದೆ."

ಸೀನುವನ್ನು ಬೈದೂ ಪ್ರಯೋಜನವಿಲ್ಲ. ಎದುರಿಗೆ ಬಂದವರು ರೋಗಿಯಾಗಲಿ, ತರಕಾರಿಯವನಾಗಲಿ, ಬೀಗರೇ ಆಗಲಿ, ಚಕ್ರಪಾಣಿಯವರು ನಮಸ್ಕಾರಕ್ಕೂ ಮೊದಲು "ಎಲ್ಲಿ, ಕಣ್ಣು ತೋರ್ಸಿ" ಎಂದು ಕೆಳರೆಪ್ಪೆ ಎಳೆದು ನೋಡುತ್ತಿದ್ದರು. ಒಳಗೆ ಬಿಳಿಚಿಕೊಂಡಿದ್ದರೆ ರಕ್ತ ಕಮ್ಮಿ. ಕಣ್ಣಿಗೆ ಪೊರೆ ಬಂತೆಂದು ಅವರ ಬಾಗಿಲಿಗೆ ಹೋಗಿ, ರಕ್ತಕ್ಕೆ ಔಷಧಿ ತೆಗೆದುಕೊಂಡು ಬಂದವರೂ ಉಂಟು.

ಬ್ಯಾನರ್ ಇಳಿಸಲು ಸ್ಟೂಲು ಹುಡುಕುವಷ್ಟರಲ್ಲಿ ಅವರೇ ಬಂದರು. ಓದಿದರು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದರು.

"ನಾನು ಹೇಳಿರ್ಲಿಲ್ವಾ?" ಎಂದು ಬಾಗಿಲ ಕಡೆ ತಿರುಗಿದರು. ತಪ್ಪಿಸಿಕೊಳ್ಳಲು ನೆಪ ಸಿಕ್ಕಿದ ಖುಷಿ ಮುಖದಲ್ಲಿ ಎದ್ದು ಕಾಣುತ್ತಿತ್ತು. ಮೈತ್ರಿಗೆ ಅಳುವೇ ಬಂದುಬಿಟ್ಟಿತು.

ಬಾಗಿಲಲ್ಲಿ ಅವರ ಹಳೆಯ ರೋಗಿ ಮಾರಮ್ಮ ಅಡ್ಡ ನಿಂತಿದ್ದಳು. "ಎಲ್ಲಿಗೋಯ್ತೀರಾ ಸಾರ್? ಸರಿಯಾಗೇ ಬರ್ದವ್ರಲ್ಲ. ಆವತ್ತು ನೀವು ನನ್ ಕಣ್ ನೋಡ್ದೆ ಇದ್ದಿದ್ರೆ ನಾನೆಲ್ಲಿರ್ತಿದ್ದೆ?" ಎಂದವಳೇ ತನ್ನ ರೆಪ್ಪೆ ಎಳೆದು ತೋರಿಸಿದಳು.

ಚಕ್ರಪಾಣಿಯವರು ತಡೆಯಲಾರದೆ ಬಗ್ಗಿ ನೋಡಿದರು. "ಪರವಾಗಿಲ್ಲ, ಕೆಂಪಗಿದೆ."

ಅವಳ ಹಿಂದಿದ್ದವರೂ ರೆಪ್ಪೆ ಎಳೆದುಕೊಂಡು ನಿಂತರು. ನರ್ಸುಗಳು ಸೇರಿದರು, ಲ್ಯಾಬಿನವರು ಸೇರಿದರು, ಸಾಲು ಮೆಟ್ಟಿಲವರೆಗೆ ಹೋಯಿತು. ಬಗ್ಗಿ ಬಗ್ಗಿ ಸೊಂಟ ಹಿಡಿದು ಅವರು ಕುರ್ಚಿ ಕೇಳಿದಾಗ, ಮೈತ್ರಿ ವೇದಿಕೆಯ ಸಿಂಗಾರದ ಕುರ್ಚಿಯನ್ನೇ ಎಳೆದು ತಂದಳು. ಯಾರದೋ ಕಣ್ಣಲ್ಲಿ ಮುಳುಗಿದ್ದ ಅವರಿಗೆ ಹೆಗಲ ಮೇಲೆ ಶಾಲು ಬಿದ್ದದ್ದೂ ಗೊತ್ತಾಗಲಿಲ್ಲ.

ಸಾಲಿನ ಕೊನೆಗೆ ಮೈತ್ರಿ ನಿಂತಳು. ಹೇಳಬೇಕೆಂದಿದ್ದ ಮಾತಿನ ಬದಲು ತಾನೂ ರೆಪ್ಪೆ ಎಳೆದಳು.

"ನಿಂದು ಹೇಳಕ್ಕಾಗಲ್ಲ ಕಣಮ್ಮ," ಅಂದರು ಅವರು. "ಅತ್ತಿದ್ದೀಯಾ. ಎಲ್ಲಾ ಕೆಂಪೇ."

"ಎಲ್ಲಿ ಸಾರ್, ನಿಮ್ದು ತೋರ್ಸಿ," ಎಂದು ಅವಳು ಅವರ ಕನ್ನಡಕ ತೆಗೆದು, ಕೆಳರೆಪ್ಪೆ ಎಳೆದು ನೋಡಿದಳು. "ನಿಮ್ದೂ ಹೇಳಕ್ಕಾಗಲ್ಲ ಬಿಡಿ."