ಪಾಲಿಶ್ ಹೊಡೆಸಿದ ಪೇಟಿ

ಪಾಲಿಶ್ ಹೊಡೆಸೋಣವೆಂದು ಮೊದಲು ಬಾಯಿಬಿಟ್ಟವನು ಮಡಿವಾಳೆಪ್ಪ. ಅವನ ಅಕ್ಕ ಸಾವಿತ್ರೆವ್ವನಿಗೆ ಅಂಥ ವಿಚಾರವೇ ಇರಲಿಲ್ಲ. ಗಂಡ ಬಸಲಿಂಗಪ್ಪ ಮಾಸ್ತರರು ತೀರಿಕೊಂಡ ಮೇಲೆ ಮುನವಳ್ಳಿಯ ಮನೆಯ ಮೂಲೆಯಲ್ಲಿ ಅವರ ಪೇಟಿ, ಅಂದರೆ ಹಾರ್ಮೋನಿಯಂ, ಬಟ್ಟೆ ಹೊದ್ದು ಕುಳಿತಿತ್ತು. ಅದು ರಾಮದುರ್ಗದ ಹತ್ತಿರದ ಸಾಲಹಳ್ಳಿಯ ಭಜನಾ ಮೇಳಕ್ಕೇ ಹೋಗಬೇಕೆಂದು ಅವರು ಹಾಸಿಗೆ ಹಿಡಿದಾಗಲೇ ಹೇಳಿದ್ದರು. ಅವರು ಸ್ವರ ಕಲಿತದ್ದೇ ಆ ಊರಲ್ಲಿ. ಮೇಳದ ಹಿರಿಯ ಕಾಡಪ್ಪನಿಗೆ ಸಾವಿತ್ರೆವ್ವ ಮಾತನ್ನೂ ಕೊಟ್ಟಿದ್ದಳು.

ಬೈಲಹೊಂಗಲದಿಂದ ಬಂದ ತಮ್ಮ ಬಟ್ಟೆ ಸರಿಸಿ ಮೂಗು ಮುರಿದ. “ಇದರ ಅವತಾರ ನೋಡಕ್ಕಾ. ಬಣ್ಣ ಹೋಗೇತಿ, ಮೂಲಿ ಸವದಾವು. ಹಿಂಗ ಕೊಟ್ರ ಹಳೇ ಕಟಗಿ ಕೊಟ್ಲು ಅಂತಾರ. ನಮ್ಮ ಊರಾಗ ಪಾಲಿಶ್ ಮಾಡಾವ ಅದಾನ, ಒಯ್ದು ಮಾಡಿಸ್ಕೊಂಡು ಬರತೇನಿ.”

“ಧ್ವನಿಗೇನೂ ಆಗೂದಿಲ್ಲಲಾ?”

“ಮೈಗೆ ಪಾಲಿಶ್ ಹೊಡದ್ರ ಧ್ವನಿಗೇನಾಗತೈತಿ, ಹುಚ್ಚಿ!”

ಅವನೂ ಪೇಟಿ ಬಾರಿಸುವವನೇ, ಭಾವನ ಹತ್ತಿರವೇ ಕಲಿತವನು. ಹಿಂದೊಮ್ಮೆ ಅದನ್ನು ತನಗೇ ಕೊಡೆಂದು ಕೇಳಿದ್ದ. ಸಾಲಹಳ್ಳಿಗೆ ಮಾತು ಹೋಗಿದೆ ಎಂದಾಗ ನಕ್ಕು ಸುಮ್ಮನಾಗಿದ್ದ. ಸುಮ್ಮನಾದನೆಂದೇ ಆಕೆ ತಿಳಿದಳು. ತವರಿನ ತಮ್ಮನ ನಗೆಯನ್ನು ತಿರುವಿ ನೋಡುವ ಹೆಣ್ಣು ಎಲ್ಲಿದ್ದಾಳೆ?

ಪೇಟಿ ತಿರುಗಿ ಬಂದಾಗ ಮುಖ ಕಾಣುವಷ್ಟು ಹೊಳೆಯುತ್ತಿತ್ತು. ಭಜನೆಗೆ ಕೂಡುವ ಮುಂಚೆ ಮಾಸ್ತರರು ಮುಚ್ಚಳದ ಮೇಲೆ ಮೂರು ಬೆರಳಿನಿಂದ ವಿಭೂತಿ ಎಳೆಯುತ್ತಿದ್ದರು. ವರ್ಷಾನುಗಟ್ಟಲೆ ಎಳೆದೆಳೆದು ಆ ಬೂದು ಗೆರೆಗಳು ಕಟ್ಟಿಗೆಯಲ್ಲಿ ಇಳಿದುಬಿಟ್ಟಿದ್ದವು. ಈಗ ಒಂದೂ ಇರಲಿಲ್ಲ. ಸಾವಿತ್ರೆವ್ವ ಮುಚ್ಚಳವನ್ನು ಬೆಳಕಿಗೆ ತಿರುಗಿಸಿ ಹುಡುಕಿದಳು. ಆದರೂ ತಮ್ಮ ಇಷ್ಟು ಓಡಾಡಿದ್ದಾನೆಂದು ಚಹಾ ಕಾಸಿಕೊಟ್ಟಳು.

ಬಾರಿಸಿಯೂ ನೋಡಲಿಲ್ಲ. ಪೇಟಿ ಮಾಸ್ತರನೊಬ್ಬ ತೀರಿಕೊಂಡರೆ ಅವನ ಪೇಟಿಯನ್ನು ಮುಂದೆ ಬಾರಿಸುವವನು ಬಂದು ಕಾಯಿ ಒಡೆಯುವ ತನಕ ಯಾರೂ ನುಡಿಸಬಾರದು ಎಂಬುದು ಅವರ ಮೇಳದ ರೂಢಿ. ಮಡಿವಾಳೆಪ್ಪನಿಗೆ ಆ ರೂಢಿ ಚೆನ್ನಾಗಿ ಗೊತ್ತಿತ್ತು.

ಕಾಡಪ್ಪ ಬಂದವನೇ ಮುಚ್ಚಳದ ಮೇಲೆ ಕೈಯಾಡಿಸಿದ. “ವಿಭೂತಿ ಎಲ್ಲಿ ಹೋತವ್ವಾ?”

“ಪಾಲಿಶ್ ಹೊಡಿಸೇನ್ರಿ ಅಜ್ಜಾರ. ಚಂದ ಕಾಣ್ಲಿ ಅಂತ.”

“ನಾವು ಚಂದ ನೋಡಾಕ ಬಂದಿಲ್ಲವ್ವಾ. ಹೆಂಗಿತ್ತೋ ಹಂಗ ಒಯ್ಯಾವ್ರಿದ್ವಿ.”

ಕಾಯಿ ಒಡೆದು, ಗಾಳಿ ತುಂಬಿ, ಕರಿ ಎರಡರ ಮನೆ, ಅಂದರೆ ಎರಡನೆಯ ಕಪ್ಪು ಕೀಲಿ, ಒತ್ತಿದ. ಸ್ವರ ಥಟ್ಟನೆ ಬಂತು. ಮತ್ತೆ ಒತ್ತಿದ, ಮತ್ತೆ ಥಟ್ಟನೆ ಬಂತು. ಅವನು ಕೈ ತೆಗೆದ.

“ಪೆಟಗಿ ಮಾಸ್ತರದು ಹೌದು. ಧ್ವನಿ ಅವರದಲ್ಲ. ನಮ್ಮನ್ನ ಕರಿಸಿ ಹಿಂಗ ಮಾಡಬಾರದಿತ್ತವ್ವಾ.”

ಪೇಟಿಯನ್ನು ಅಲ್ಲೇ ಬಿಟ್ಟು ಅವನು ಎದ್ದು ಹೋದ. ಸಾವಿತ್ರೆವ್ವ ನಾಚಿಕೆಯಿಂದ ಕುಗ್ಗಿಹೋದಳು. ಅವನ ಮಾತು ನಿಜವೆಂದು ಆಕೆಗೂ ಗೊತ್ತಾಗಿತ್ತು. ಆ ಮನೆ ಎಂದೂ ಒತ್ತಿದ ಕೂಡಲೇ ನುಡಿಯುತ್ತಿರಲಿಲ್ಲ; ಉಸಿರು ಹಿಡಿದು, ತಡೆದು, ಆಮೇಲೆ ತುಂಬಿ ಬರುತ್ತಿತ್ತು. ಮಾಸ್ತರರು ಅದನ್ನು ರಿಪೇರಿ ಮಾಡಿಸಲೇ ಇಲ್ಲ. “ಇದೂ ನಿನ್ನಂಗ, ಸಾವಿತ್ರಿ. ಕರದ ಕೂಡ್ಲೆ ಓ ಅನ್ನೂದಿಲ್ಲ” ಎಂದು ರೇಗಿಸುತ್ತಿದ್ದರು. ಬೇಕೆಂದೇ ಅದನ್ನು ಒತ್ತುತ್ತಿದ್ದರು. ಅಡುಗೆಮನೆಯಿಂದ ಆಕೆಯೂ ಬೇಕೆಂದೇ ತಡಮಾಡಿ ‘ಓ’ ಅನ್ನುತ್ತಿದ್ದಳು.

ಫೋನಿನಲ್ಲಿ ತಮ್ಮ ಸಮಾಧಾನ ಹೇಳಿದ. “ಪಾಲಿಶ್ ಒಳಗಿಳದಿರತೈತಿ ಅಕ್ಕಾ. ಒಣಗಿದ್ರ ಸರಿ ಆಗತೈತಿ.” ಆಕೆ ನಂಬಿದಳು. ಮುಖ ಕಾಣದ ಪಾಲಿಶ್‌ನವನಿಗೆ ದಿನಾ ಹಿಡಿಶಾಪ ಹಾಕಿದಳು, ಪಾಪ ಅವನಿಗೇನು ಗೊತ್ತು.

ಶ್ರಾವಣ ಸೋಮವಾರ ಮಡಿವಾಳೆಪ್ಪನ ಮನೆಯಲ್ಲಿ ಭಜನೆ. ಅಕ್ಕ ಬರಲೇಬೇಕೆಂದು ಅವನ ಹೆಂಡತಿ ಮಹಾನಂದಾ ಹಟ ಹಿಡಿದು ಕರೆಸಿದ್ದಳು. ಗಂಡ ಬೇಡವೆಂದಿದ್ದ, ಯಾಕೆಂದು ಅವಳಿಗೆ ತಿಳಿದಿರಲಿಲ್ಲ. ಸಾವಿತ್ರೆವ್ವ ಹೆಂಗಸರ ನಡುವೆ ಗೋಡೆಗೆ ಒರಗಿದ್ದಳು. ಮಡಿವಾಳೆಪ್ಪ ತನ್ನ ಹಳೆಯ ಕಪ್ಪು ಪೇಟಿ ಎಳೆದುಕೊಂಡು ಶ್ರುತಿ ಹಿಡಿದ. ಬೆರಳು ಕರಿ ಎರಡರ ಮೇಲೆ ಬಿತ್ತು.

ಸ್ವರ ಬರಲಿಲ್ಲ. ಉಸಿರು ಹಿಡಿಯಿತು, ತಡೆಯಿತು, ತುಂಬಿ ಬಂತು.

“ಓ,” ಎಂದಳು ಸಾವಿತ್ರೆವ್ವ.

ತನಗೇ ಗೊತ್ತಿಲ್ಲದೆ, ಕೂತ ಮಂದಿಗೆಲ್ಲ ಕೇಳುವಂತೆ. ತಾಳ ನಿಂತಿತು. ಮಡಿವಾಳೆಪ್ಪ ತಲೆ ಎತ್ತಲಿಲ್ಲ. ಸ್ವರ ಹೊರಡಿಸುವ ಹಿತ್ತಾಳೆಯ ರೀಡುಗಳನ್ನು ಅವನು ಭಾವನ ಪೇಟಿಯಿಂದ ತೆಗೆದು ತನ್ನದಕ್ಕೆ ಹಾಕಿ, ತನ್ನವನ್ನು ಅದರೊಳಗೆ ಕೂರಿಸಿದ್ದ. ಪಾಲಿಶ್ ಅದನ್ನು ಒಯ್ಯಲು ಹೂಡಿದ ನೆಪ ಅಷ್ಟೆ.

“ನಾ ಕೇಳಿದ್ನಲ್ಲಕ್ಕಾ,” ಎಂದು ಗೊಣಗಿದ. “ಹೊರಗಿನವ್ರಿಗೆ ಕೊಡತೇನಿ ಅಂದಿ. ಭಾವ ನನಗೇನೂ ಆಗಬೇಕಿರಲಿಲ್ಲೇನು?”

ಆಕೆಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. ಕಾಡಪ್ಪನ ಕಣ್ಣಲ್ಲಿ ತಾನು ಮೋಸಗಾತಿಯಾಗಿದ್ದಳು, ಅದೂ ಇವನಿಂದ. ಎದ್ದು ಹೋಗಿ ಅವನ ಮುಂದಿನ ಪೇಟಿಗೆ ಕೈ ಹಾಕಿದಳು. ಅವನು ತಡೆಯಲಿಲ್ಲ. ತನ್ನ ಹಣೆಯ ವಿಭೂತಿಯನ್ನು ಮೂರು ಬೆರಳಿಗೆ ಒರಸಿಕೊಂಡು ಆ ಕಪ್ಪು ಮುಚ್ಚಳದ ಮೇಲೆ ಎಳೆದಳು.

“ಮುನವಳ್ಳಿಗೆ ಬಂದು ನಿನ್ನ ಪಾಲಿಶಿನ ಪೆಟಗಿ ಒಯ್ಯಿ, ತಮ್ಮಾ. ನೋಡಾಕ ಬಾಳ ಚಂದ ಆಗೇತಿ.”

ಮಹಾನಂದಾಳ ಕಡೆ ತಿರುಗಿ ಕೇಳಿದಳು: “ರಾಮದುರ್ಗದ ಬಸ್ಸು ಎಷ್ಟಕ್ಕೈತವ್ವಾ?”