ಮುಂದಿನ ಎರಡು ಹಲ್ಲು

"ಬಿಟ್ಬಿಡಿ ಅಪ್ಪ, ಅದು ಕೂರಲ್ಲ," ಎಂದಳು ರಂಜನಿ.

ರಾಮಸ್ವಾಮಿ ಬಿಡಲಿಲ್ಲ. ಎರಡು ಕೃತಕ ಹಲ್ಲುಗಳ ಪ್ಲೇಟನ್ನು ಹೆಂಡತಿಯ ಬಾಯಲ್ಲಿ ಕೂರಿಸಲು ಮತ್ತೊಮ್ಮೆ ನೋಡಿದರು. ರಾತ್ರಿ ಎದೆ ಉರಿ ಎಂದು ಮಲಗಿದ ಚೂಡಾಮಣಿ ಬೆಳಿಗ್ಗೆ ಎದ್ದಿರಲಿಲ್ಲ. ಈಗ ರಾಮಕೃಷ್ಣನಗರದ ಮನೆಯ ನಡುಮನೆಯಲ್ಲಿ ಚಾಪೆಯ ಮೇಲೆ ಮಲಗಿಸಿದ್ದರು. ಬಾಯಿ ಅರ್ಧ ತೆರೆದಂತೆಯೇ ಬಿಗಿದುಹೋಗಿತ್ತು. ಪ್ಲೇಟು ವರ್ಷಗಟ್ಟಲೆ ಸ್ಟೀಲ್ ಡಬ್ಬಿಯಲ್ಲಿ ಬಿದ್ದಿದ್ದು, ವಸಡು ಕುಗ್ಗಿ ಅದಕ್ಕೆ ಹಿಡಿತವೇ ಸಿಗುತ್ತಿರಲಿಲ್ಲ.

"ಎಲ್ಲರೂ ಬಾಯಿಗೆ ಅಕ್ಕಿಕಾಳು ಹಾಕೋಕೆ ಬರ್ತಾರೆ ಕಣಮ್ಮ. ಬಗ್ಗಿ ನೋಡ್ತಾರೆ. ನಿಮ್ಮಮ್ಮ ಯಾರಿಗೂ ಬಾಯಿ ತೋರಿಸಿದೋಳಲ್ಲ."

"ಹಾಕಿದ್ರೂ ಹೊರಡೋವಾಗ ತೆಗೀಲೇಬೇಕು, ರಾಮಸ್ವಾಮಿಗಳೇ," ಎಂದರು ಪುರೋಹಿತರು. ಅವರಿಗೂ ದಣಿವಾಗಿತ್ತು. "ಸ್ನಾನ ಮುಗಿಸ್ಕೊಂಡು ಬನ್ನಿ."

*

ಕೆಲವು ವರ್ಷಗಳ ಹಿಂದೆ ಆಟೋ ಗಕ್ಕನೆ ನಿಂತು, ಎದುರಿನ ಕಂಬಿಗೆ ಬಾಯಿ ಬಡಿದು ಚೂಡಾಮಣಿಯ ಮೇಲ್ಸಾಲಿನ ಮುಂದಿನ ಎರಡು ಹಲ್ಲು ಹೋಗಿದ್ದವು. ಸರಸ್ವತಿಪುರಂನ ದಂತವೈದ್ಯೆ ಮೇಜಿನ ಮೇಲೆ ಎರಡು ಇಂಪ್ಲಾಂಟ್ ಇಟ್ಟು ತೋರಿಸಿದರು. ಎರಡೂ ದವಡೆಯ ಮೂಳೆಯೊಳಗೆ ಕೂರುವ ಪುಟ್ಟ ತಿರುಪುಗಳು. ಒಂದು ಬೂದು, ಇನ್ನೊಂದು ಬಿಳಿ.

"ಇದು ಟೈಟಾನಿಯಂ. ತುಂಬಾ ವರ್ಷದಿಂದ ಬಳಕೇಲಿದೆ, ನಂಬಬಹುದು. ಆದ್ರೆ ಇವರ ವಸಡು ತೆಳು, ಬುಡದಲ್ಲಿ ಸ್ವಲ್ಪ ಬೂದು ಛಾಯೆ ಕಾಣಬಹುದು. ಇದು ಸೆರಾಮಿಕ್. ಬಿಳಿ, ಆ ಛಾಯೆ ಕಾಣಲ್ಲ. ಆದ್ರೆ ಅಷ್ಟು ಹಳೇದಲ್ಲ, ಮುರಿಯೋ ಭಯ ಸ್ವಲ್ಪ ಜಾಸ್ತಿ. ಇವರಿಗೆ ಎರಡೂ ಆಗುತ್ತೆ."

"ಯಾವುದೋ ಒಂದು ಹಾಕ್ಬಿಡಿ ಡಾಕ್ಟ್ರೇ," ಎಂದಳು ಚೂಡಾಮಣಿ.

ರಾಮಸ್ವಾಮಿ ಒಪ್ಪಬೇಕಲ್ಲ! ಸರ್ಕಾರಿ ಕಚೇರಿಯ ಖರೀದಿ ವಿಭಾಗದಲ್ಲಿ ಜೀವ ಸವೆಸಿದ ಮನುಷ್ಯ. ಮೂರು ಕೊಟೇಷನ್ ಬಾರದೆ ಗುಂಡುಸೂಜಿಯನ್ನೂ ಕೊಂಡವರಲ್ಲ. "ಮೂರನೇದು ಯಾವುದೂ ಇಲ್ವೇ?" ಎಂದು ಕೇಳಿದರು.

"ಯೋಚಿಸಿ. ಆದ್ರೆ ತಡ ಮಾಡ್ಬೇಡಿ, ಹಲ್ಲಿಲ್ಲದ ಕಡೆ ಮೂಳೆ ಕರಗುತ್ತೆ," ಎಂದ ವೈದ್ಯೆ ಸದ್ಯಕ್ಕಿರಲಿ ಎಂದು ಪ್ಲೇಟು ಮಾಡಿಸಿಕೊಟ್ಟರು.

ಆ ಯೋಚನೆ ಮುಗಿಯಲೇ ಇಲ್ಲ. ಬ್ಯಾಂಕಿನ ಸಾಲಿನಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ ಕಂಡಕಂಡವರನ್ನೆಲ್ಲ ಕೇಳಿದರು. ಬೆಳಿಗ್ಗೆ ಟೈಟಾನಿಯಂ ಎಂದವರು ಸಂಜೆ ಫೋನಿನಲ್ಲಿ ಯಾವುದೋ ವೀಡಿಯೊ ನೋಡಿ ಸೆರಾಮಿಕ್ ಎನ್ನುತ್ತಿದ್ದರು. ಜಿಪುಣತನವಲ್ಲ ಅದು, ಪಾಪ, ಪ್ರೀತಿಯೇ. ಅವಳ ಬಾಯಿಗೆ ಎರಡನೇ ದರ್ಜೆಯದು ಹೋಗಬಾರದೆಂಬ ಹಟ. ವಾಕರಿಕೆ ಬರುತ್ತದೆಂದು ಚೂಡಾಮಣಿ ಪ್ಲೇಟನ್ನು ಡಬ್ಬಿಗೆ ಹಾಕಿದಳು. ಮಾತಾಡುವಾಗ ಸೆರಗು ಬಾಯಿಗೆ ಬರತೊಡಗಿತು.

"ನೋಡು, ಬೂದು ಛಾಯೆ ಅಂದ್ರಲ್ಲ, ಅದು ಎಲ್ಲರಿಗೂ ಕಾಣಲ್ವಂತೆ," ಎಂದು ರಾಮಸ್ವಾಮಿ ಊಟದ ನಡುವೆ ಶುರು ಮಾಡಿದರೆ ಅವಳು ಎದ್ದು ಮಜ್ಜಿಗೆ ತರಲು ಹೋಗುತ್ತಿದ್ದಳು.

*

ಒದ್ದೆ ಪಂಚೆಯಲ್ಲಿ ಬಂದ ರಾಮಸ್ವಾಮಿ ಹೆಂಡತಿಯ ತಲೆಯ ಬಳಿ ಕೂತು, ಅವಳ ಬಾಯಿಯ ಮೇಲೆ ಅಂಗೈ ಇಟ್ಟರು. ನೆಂಟರು ಒಬ್ಬೊಬ್ಬರಾಗಿ ಬಗ್ಗಿದರು. ಏನೂ ತೋಚದೆ ಆ ಕೈಯ ಮೇಲೆಯೇ ಅಕ್ಕಿಕಾಳು ಹಾಕಿ ಸರಿದರು. ಪುರೋಹಿತರು ಒಮ್ಮೆ ಕೆಮ್ಮಿದರು, ಅಷ್ಟೇ.

ಕೊನೆಗೆ ಬಂದವಳು ಪ್ರೇಮಮ್ಮ. ಹಿಂದಿನ ರಸ್ತೆಯವಳು, ಚೂಡಾಮಣಿಯ ಜೊತೆ ದಿನವೂ ಪಾರ್ಕಿಗೆ ಹೋಗುತ್ತಿದ್ದವಳು.

"ಕೈ ತಗೀರಿ ಸಾರ್."

"ಅವಳಿಗೆ ನಾಚಿಕೆ, ಪ್ರೇಮಮ್ಮ. ನಿಮಗೆ ಗೊತ್ತಿಲ್ಲ."

"ಯಾರ್ಗೆ, ಚೂಡಮ್ಮಂಗಾ? ಪಾರ್ಕ್‌ನಾಗೆ ಬಾಯ್ತುಂಬ ನಗೋರು ಸಾರ್. ನೋಡಿ ನನ್ನ ಕಿಟಕಿ ಅಂತ ಅವ್ರೇ ತೋರ್ಸೋರು." ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಅಳು ಒತ್ತರಿಸಿ ಬಂದು ಉಳಿದದ್ದೂ ಹೊರಬಿತ್ತು. "ನಿಮ್ ಮುಂದೆ ಮಾತ್ರ ಮುಚ್ಕೊಳೋರು. ಬಾಯಿ ಕಂಡ್ರೆ ನಮ್ಮೋರು ಬಿಳೀದಾ ಬೂದೀದಾ ಅಂತ ಮತ್ತೆ ಶುರು ಮಾಡ್ಬುಡ್ತಾರೆ, ಕೇಳಿ ಕೇಳಿ ಸಾಕಾಗೋಗದೆ ಪ್ರೇಮಮ್ಮ ಅನ್ನೋರು."

ರಾಮಸ್ವಾಮಿ ಮಗಳ ಕಡೆ ನೋಡಿದರು.

"ನಿನಗೂ ಗೊತ್ತಿತ್ತಾ?"

ರಂಜನಿ ತಲೆ ತಗ್ಗಿಸಿದಳು. "ನಿಮಗೆ ಬೇಜಾರಾಗುತ್ತೆ, ಹೇಳ್ಬೇಡ ಅಂದಿದ್ರು ಅಮ್ಮ."

ರಾಮಸ್ವಾಮಿ ನಿಧಾನವಾಗಿ ಕೈ ಎತ್ತಿದರು. ಕೈಮೇಲಿದ್ದ ಅಕ್ಕಿಯೆಲ್ಲ ಚಾಪೆಗೆ ಉದುರಿತು. ಎಷ್ಟೋ ವರ್ಷಗಳ ಮೇಲೆ ಹೆಂಡತಿಯ ಬಾಯನ್ನು ನೆಟ್ಟಗೆ ನೋಡುತ್ತಿದ್ದರು. ತಾವು ಅಂದುಕೊಂಡಷ್ಟು ದೊಡ್ಡ ಸಂದೇನೂ ಆಗಿರಲಿಲ್ಲ ಅದು. ಅಲ್ಲಿ ಯಾವುದು ಕೂತಿದ್ದರೂ ಆಗುತ್ತಿತ್ತು.

ಬಟ್ಟಲಿನಿಂದ ನೆನೆಸಿದ ಅಕ್ಕಿ ತೆಗೆದುಕೊಂಡು ಅವರೇ ಹಾಕಿದರು. ಕಾಳುಗಳು ಗಲ್ಲದ ಮೇಲೆ ಜಾರಿದವು.

"ಬಿದ್ದುಹೋಯ್ತಲ್ಲ. ಇನ್ನೊಂದ್ಸಲ ಹಾಕಿ," ಎಂದರು ಪುರೋಹಿತರು.

"ಬೇಡ. ಇದೇ ಇರಲಿ."

ಎರಡು ಕಾಳು ಮಾತ್ರ ಜಾರದೆ, ಹಲ್ಲಿಲ್ಲದ ಜಾಗದಲ್ಲಿ ಪಕ್ಕಪಕ್ಕ ಕೂತಿದ್ದವು.